ಹದ ಮೊದಲು, ಒಪ್ಪ ಆಮೇಲೆ

ಕಬ್ಬಿಣದಂಗಡಿಯಲ್ಲಿ ನೊಣಕ್ಕೇನು ಕೆಲಸ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಕಟ್ಟಿದ ಕಾಲಕ್ಕೆ ಅದು ನಿಜವೇ ಆಗಿದ್ದಿರಬೇಕು. ಈಗ ಆ ನೊಣ ಬಂದು ಕುಳಿತಿದೆ. ಬರಿದೆ ಕುಳಿತಿಲ್ಲ, ತನಗೂ ಒಂದು ಸುತ್ತಿಗೆ ಬೇಕೆಂದು ಕೇಳುತ್ತಿದೆ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು, ಕಾಲೇಜಿನಲ್ಲಿ ಪಾಠ ಹೇಳುವವನು, ದಿನವೆಲ್ಲ ಗಣಕಯಂತ್ರದ ಮುಂದೆ ಕುಳಿತು ಬೆನ್ನು ನೋಯಿಸಿಕೊಳ್ಳುವ ಎಂಜಿನಿಯರು, ಇಂಥವರೆಲ್ಲ ರಜೆಯ ದಿನ ಮನೆಯ ಹಿತ್ತಿಲಲ್ಲಿ ನಾಲ್ಕು ಇಟ್ಟಿಗೆ ಜೋಡಿಸಿ, ಇದ್ದಿಲು ಹೊತ್ತಿಸಿ, ಕೈಯಾರೆ ಕತ್ತಿ ಮಾಡುತ್ತೇವೆಂದು ಹೊರಟಿದ್ದಾರೆ. ಇದನ್ನು ಕಂಡು ನಗುವವರು ನಗಲಿ. ನನಗಂತೂ ಸಂತೋಷವೇ ಆಗಿದೆ. ಬೆರಳಿಗೆ ಮಸಿ ಹತ್ತುವ ಕೆಲಸವನ್ನು ಕೀಳೆಂದು ಬಗೆದು ಎರಡು ಮೂರು ತಲೆಮಾರು ದೂರ ಸರಿದ ಓದಿದ ಜನ, ಈಗ ತಾವಾಗಿಯೇ ಮಸಿಯ ಹತ್ತಿರ ಬರುತ್ತಿರುವುದು ಸಣ್ಣ ಸಂಗತಿಯಲ್ಲ. ಆದರೆ ಬರುವವರು ಯಾವ ಬಾಗಿಲಿನಿಂದ ಬರುತ್ತಾರೆ ಎಂಬುದು ಮುಖ್ಯ. ಆ ಬಗ್ಗೆ ಎರಡು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕಾರವಾರ ಅಂಕೋಲೆಗಳ ಕಡೆಯಲ್ಲಿ ಕತ್ತಿಯೆಂದರೆ ಗೋಡೆಗೆ ತೂಗುಹಾಕುವ ವಸ್ತುವಲ್ಲ; ಅದು ಮನೆಯ ಒಬ್ಬ ಆಳು. ತೋಟಕ್ಕೆ, ಬೆಟ್ಟಕ್ಕೆ ಹೋಗುವ ಗಂಡಸು ಸೊಂಟದ ಹಿಂಬದಿಗೆ ಕೊಕ್ಕೆ ಕಟ್ಟಿ ಅದರಲ್ಲಿ ಬಾಗಿದ ಮೂಗಿನ ಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾನೆ. ಅಡಿಗೆಮನೆಯಲ್ಲಿ ಹೆಂಗಸು ಮಣೆಯ ಮೇಲೆ ನಿಂತ ಅಲಗನ್ನು ಕಾಲಿನಿಂದ ಮೆಟ್ಟಿಕೊಂಡು ಎರಡು ಕೈಯಿಂದಲೂ ತರಕಾರಿ ಹೆಚ್ಚುತ್ತಾಳೆ. ಅದು ಮೆಟ್ಟುಗತ್ತಿ, ಕೊಂಕಣಿಯವರಿಗೆ ಆದೊಳಿ. ಮೀನು ಪೇಟೆಯಲ್ಲಿ ಅದೇ ಬಗೆಯ ಅಲಗು ಕ್ಷಣಾರ್ಧದಲ್ಲಿ ಬಂಗಡೆಯ ಹೊಟ್ಟೆ ಸೀಳಿ ಸ್ವಚ್ಛ ಮಾಡುತ್ತದೆ. ಭತ್ತಕ್ಕೊಂದು ಕುಡುಗೋಲು, ಎಳನೀರಿಗೊಂದು ತೂಕದ ಕತ್ತಿ, ಸೊಪ್ಪು ಸವರುವುದಕ್ಕೊಂದು ಹಗುರ ಕತ್ತಿ. ಹೀಗೆ ಕೆಲಸಕ್ಕೊಂದು ಬಾಯಿ, ಕೈಗೊಂದು ತೂಕ. ಕಾರವಾರದ ರವಿವಾರದ ಸಂತೆಯಲ್ಲಿ ನಿಂತು ಕತ್ತಿ ಕೊಳ್ಳುವ ಒಬ್ಬ ರೈತನನ್ನು ಗಮನಿಸಿ ನೋಡಿ. ಆತ ಹೊಳಪನ್ನು ನೋಡುವುದಿಲ್ಲ. ಮೊದಲು ಕೈಯಲ್ಲಿ ಹಿಡಿದು ತೂಗುತ್ತಾನೆ, ಉಗುರಿನಿಂದ ತಟ್ಟಿ ಕಿವಿಗೊಡುತ್ತಾನೆ, ಹೆಬ್ಬೆರಳನ್ನು ಅಲಗಿನ ಅಡ್ಡಕ್ಕೆ ಮೆಲ್ಲಗೆ ಎಳೆಯುತ್ತಾನೆ, ಕೊನೆಗೆ ಕಣ್ಣಿನ ಮಟ್ಟಕ್ಕೆ ಎತ್ತಿ ಬಾಯಿ ನೇರವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಕತ್ತಿಯ ವಿಮರ್ಶೆಯೆಂದರೆ ಇದು. ನಮ್ಮ ಸಾಹಿತ್ಯ ವಿಮರ್ಶಕರು ಕಲಿಯಬೇಕಾದ ಪಾಠವೂ ಇದರಲ್ಲಿ ಉಂಟು.

ನನ್ನ ಪರಿಚಯದ ತರುಣನೊಬ್ಬ ಮೂರು ತಿಂಗಳು ಬೆವರು ಸುರಿಸಿ ಒಂದು ಕತ್ತಿ ಮಾಡಿದ. ಅಲಗಿನಲ್ಲಿ ಮುಖ ಕಾಣಬೇಕು, ಅಷ್ಟು ಉಜ್ಜಿದ್ದ. ಹಿಡಿಗೆ ನಯವಾದ ಮರ, ಮರಕ್ಕೆ ಹಿತ್ತಾಳೆಯ ಮೊಳೆ. ನೋಡಿದವರೆಲ್ಲ ಭೇಷ್ ಎಂದರು. ಉತ್ಸಾಹದಿಂದ ಅದನ್ನು ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿರುವ ತನ್ನ ಅತ್ತೆಗೆ ಕೊಂಡೊಯ್ದು ಕೊಟ್ಟ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಒಣಗಿದ ತೆಂಗಿನ ಹೆಡೆಗೆ ನಾಲ್ಕು ಪೆಟ್ಟು ಹಾಕಿದಳು. ನಾಲ್ಕನೆಯ ಪೆಟ್ಟಿಗೆ ಬಾಯಿ ಮಡಚಿಕೊಂಡಿತು. “ಕನ್ನಡಿ ಚಲೋ ಅದೆ ತಮ್ಮಾ, ಕತ್ತಿ ಎಲ್ಲಿ?” ಎಂದು ಕೇಳಿದಳಂತೆ. ಹುಡುಗ ಪೆಚ್ಚಾದ. ಆದರೆ ಆ ಒಂದು ಪ್ರಶ್ನೆಯಲ್ಲಿ ಅವನಿಗೆ ದೊರೆತ ಶಿಕ್ಷಣ ಮೂರು ತಿಂಗಳ ಉಜ್ಜಾಟದಲ್ಲಿ ದೊರೆತಿರಲಿಲ್ಲ.

ಹವ್ಯಾಸಿಗಳಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ಹದ ಮೊದಲು, ಒಪ್ಪ ಆಮೇಲೆ. ಹದವೆಂದರೆ ಕಬ್ಬಿಣದ ಒಳಗಿನ ಗುಣ. ಒಪ್ಪವೆಂದರೆ ಹೊರಗಿನ ಮೆರುಗು. ಒಪ್ಪವನ್ನು ಯಾರು ಬೇಕಾದರೂ ತಾಳ್ಮೆಯಿದ್ದರೆ ಕೊಡಬಹುದು. ಹದವನ್ನು ಕಲಿಯಬೇಕು; ಅದೂ ಬಲ್ಲವನ ಹತ್ತಿರ ನಿಂತು ಕಲಿಯಬೇಕು.

ಮೊದಲನೆಯ ಸಲಹೆ ಕೆಲವರಿಗೆ ರುಚಿಸಲಾರದು. ಹೊಸ ಕತ್ತಿ ಮಾಡುವ ಮುಂಚೆ ಹತ್ತು ಹಳೆಯ ಕತ್ತಿಗಳನ್ನು ದುರಸ್ತಿ ಮಾಡಿರಿ. ನೆರೆಹೊರೆಯ ಮನೆಗಳಲ್ಲಿ ಮೊಂಡಾಗಿ, ಹಲ್ಲುಬಿದ್ದು, ಹಿಡಿ ಸಡಿಲಾಗಿ ಮೂಲೆ ಸೇರಿದ ಕತ್ತಿಗಳಿಗೆ ಬರವಿಲ್ಲ. ಅವನ್ನು ತಂದು ಮಸೆಗಲ್ಲಿನ ಮೇಲೆ ಮಸೆಯಿರಿ; ಹಿಡಿ ಬಿಗಿಮಾಡಿರಿ; ತುಕ್ಕು ತೆಗೆಯಿರಿ. ಹಳೆಯ ಕತ್ತಿ ಒಂದು ಪುಸ್ತಕ. ಎಲ್ಲಿ ಸವೆದಿದೆ, ಎಲ್ಲಿ ಮುರಿದಿದೆ, ಬೆನ್ನು ಎಷ್ಟು ದಪ್ಪ, ಬಾಯಿಯವರೆಗೆ ಅದು ಹೇಗೆ ತೆಳ್ಳಗಾಗುತ್ತ ಬಂದಿದೆ, ಹಿಡಿಯ ಹತ್ತಿರ ತೂಕವೋ ಮೂಗಿನ ಹತ್ತಿರ ತೂಕವೋ, ಇವೆಲ್ಲವನ್ನೂ ಅದು ತಾನೇ ಹೇಳುತ್ತದೆ. ಎಳನೀರು ಕೊಚ್ಚುವ ಕತ್ತಿಯ ಬಾಯಿಯ ಹಿಂದೆ ದಪ್ಪ ಇರಬೇಕು, ಇಲ್ಲವಾದರೆ ಪೆಟ್ಟು ತಾಳದು. ಮೀನಿನ ಅಲಗು ತೆಳ್ಳಗಿರಬೇಕು, ಇಲ್ಲವಾದರೆ ಮಾಂಸ ಹಿಸುಕಿಹೋಗುತ್ತದೆ. ಈ ಭೇದವನ್ನು ಕೈ ಅರಿಯದೆ ಸುತ್ತಿಗೆ ಎತ್ತಿದವನು, ವ್ಯಾಕರಣ ಬಾರದೆ ಮಹಾಕಾವ್ಯಕ್ಕೆ ಕೈಹಾಕಿದವನಂತೆ.

ಎರಡನೆಯದು ಕಬ್ಬಿಣದ ಆಯ್ಕೆ. ಕಟ್ಟಡಕ್ಕೆ ಬಳಸುವ ಸಾಧಾರಣ ಸರಳು ಕಾಯುತ್ತದೆ, ಬಾಗುತ್ತದೆ, ಬೇಕಾದ ಆಕಾರಕ್ಕೂ ಬರುತ್ತದೆ. ಆದರೆ ಅದಕ್ಕೆ ಹದ ಏರುವುದಿಲ್ಲ. ಕಾರಣ ಅದರಲ್ಲಿ ಇಂಗಾಲದ ಅಂಶ ಬಹಳ ಕಡಮೆ, ಸುಮಾರು ನೂರಕ್ಕೆ 0.2ರಷ್ಟು. ಕಬ್ಬಿಣವು ಉಕ್ಕಾಗಿ ಗಡಸು ಹಿಡಿಯಬೇಕಾದರೆ ನೂರಕ್ಕೆ ಅರ್ಧದಷ್ಟಾದರೂ ಇಂಗಾಲ ಬೇಕು. ಲಾರಿ ಬಸ್ಸುಗಳ ಸ್ಪ್ರಿಂಗ್ ಪಟ್ಟಿಯಲ್ಲಿ ಅದು 0.5ರಿಂದ 0.6ರವರೆಗೆ ಇರುತ್ತದೆ, ಒಳ್ಳೆಯ ಅರದಲ್ಲಿ ಒಂದಕ್ಕಿಂತಲೂ ಹೆಚ್ಚು. ನಮ್ಮ ಹಳ್ಳಿಯ ಆಚಾರಿಗಳು ರಸಾಯನಶಾಸ್ತ್ರದ ಪುಸ್ತಕ ಓದದೆಯೇ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕತ್ತಿಗೆ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ತುಂಡನ್ನು ಸಾಣೆಯ ಚಕ್ರಕ್ಕೆ ಹಿಡಿದು ಕಿಡಿ ನೋಡಿದರೆ ಗುಣ ತಿಳಿಯುತ್ತದೆ: ಮೆದು ಕಬ್ಬಿಣದ ಕಿಡಿ ಉದ್ದವಾಗಿ ನೇರವಾಗಿ ಹಾರುತ್ತದೆ; ಇಂಗಾಲ ಹೆಚ್ಚಿದ ಉಕ್ಕಿನ ಕಿಡಿ ಹೂಬಾಣದಂತೆ ತುದಿಯಲ್ಲಿ ಒಡೆದು ಚಿಮ್ಮುತ್ತದೆ. ಆದರೆ ಸವೆದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಕಾಯಿಸುವ ಮುಂಚೆ ಉಜ್ಜಿ ಪರೀಕ್ಷಿಸುವುದು ಲೇಸು. ಸತುವಿನ ಲೇಪವಿರುವ ಕಬ್ಬಿಣವನ್ನಂತೂ ಕುಲುಮೆಗೆ ಒಡ್ಡಲೇಬಾರದು. ಅದರ ಹೊಗೆ ಜ್ವರ ತರುತ್ತದೆ.

ಉಕ್ಕಿನ ಈ ರಹಸ್ಯ ನಮ್ಮ ನಾಡಿಗೆ ಹೊಸದಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಘಟ್ಟ ಇಳಿದು, ಅಂಕೋಲೆ ಸದಾಶಿವಗಡಗಳ ಮಾರ್ಗವಾಗಿಯೂ ಹಾದುಹೋದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು, ಮೈಸೂರು ಸೀಮೆಯ ಕಮ್ಮಾರರು ಉಕ್ಕು ಮಾಡುತ್ತಿದ್ದ ಕ್ರಮವನ್ನು ತನ್ನ ಪ್ರವಾಸ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಮೆದು ಕಬ್ಬಿಣದ ತುಂಡಿನೊಂದಿಗೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿ ಎಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ಉರಿಯಲ್ಲಿ ಕಾಯಿಸುತ್ತಿದ್ದರಂತೆ. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ದಕ್ಷಿಣ ಭಾರತದ ಈ ಮೂಸೆಯ ಉಕ್ಕು ಲಂಡನ್ನಿಗೆ ಹೋಗಿ ಅಲ್ಲಿಯ ವಿದ್ವಾಂಸರನ್ನು ಬೆರಗುಗೊಳಿಸಿತು. ಸ್ಟೋಡಾರ್ಟ್ ಎಂಬ ಕತ್ತಿ ಮಾಡುವ ಕಸಬುದಾರನೊಡನೆ ಕುಳಿತು ಅದರ ಮೇಲೆ 1819ರ ಸುಮಾರಿಗೆ ಪ್ರಯೋಗ ನಡೆಸಿದವನು ಮೈಕೇಲ್ ಫ್ಯಾರಡೆ. ಆತ ಸ್ವತಃ ಕಮ್ಮಾರನ ಮಗ. ಜಗತ್ತಿನ ಒಬ್ಬ ಮಹಾವಿಜ್ಞಾನಿಯು ನಮ್ಮ ಕುಲುಮೆಯ ಮುಂದೆ ವಿದ್ಯಾರ್ಥಿಯಾಗಿ ನಿಂತನೆಂದರೆ, ನಮ್ಮ ಹವ್ಯಾಸಿಗಳು ನಿಲ್ಲುವುದಕ್ಕೆ ನಾಚಬೇಕಾಗಿಲ್ಲ.

ಮೂರನೆಯದು ಉರಿಯ ಬಣ್ಣ ಓದುವ ವಿದ್ಯೆ. ಹಳೆಯ ಕಮ್ಮಾರಸಾಲೆಗಳು ಏಕೆ ತಗ್ಗಾಗಿ ಕತ್ತಲಾಗಿದ್ದವು ಎಂದು ನಾನು ಬಹಳ ಕಾಲ ಬಡತನದ ಮೇಲೆ ತಪ್ಪು ಹೊರಿಸಿದ್ದೆ. ಕಾರಣ ಬೇರೆಯೂ ಇದೆ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ. ನೆರಳಿನಲ್ಲಿ ಮಾತ್ರ ನಿಜ ಹೇಳುತ್ತದೆ. ಕಿತ್ತಳೆಯಿಂದ ಹಳದಿಗೆ ತಿರುಗುವ ಬಣ್ಣದಲ್ಲಿ ಬಡಿಯಬೇಕು. ಮಂಕು ಕೆಂಪಿಗೆ ಇಳಿದ ಮೇಲೆ ಬಡಿದರೆ ಒಳಗೆ ಬಿರುಕು ಹುಟ್ಟುತ್ತದೆ. ಬೆಳ್ಳಗಾಗಿ ಕಿಡಿ ಸಿಡಿಯತೊಡಗಿತೆಂದರೆ ಉಕ್ಕು ಸುಟ್ಟುಹೋಯಿತು. ಅದನ್ನು ಬದುಕಿಸುವ ಔಷಧಿ ಇಲ್ಲ. ಕಬ್ಬಿಣ ಕಾದಾಗಲೇ ಬಡಿಯಬೇಕೆಂಬ ಮಾತನ್ನು ನಾವೆಲ್ಲ ಸಭೆಗಳಲ್ಲಿ ಆಡುತ್ತೇವೆ. ಎಷ್ಟು ಕಾದಾಗ ಎಂಬುದನ್ನು ಆಚಾರಿ ಮಾತ್ರ ಬಲ್ಲ. ಆಕಾರ ಬಂದ ಮೇಲೆ ಅಲಗನ್ನು ಎರಡು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಬೇಕು. ಬಡಿತದಿಂದ ಒಳಗೆ ಉಳಿದ ಬಿಗುವು ಇದರಿಂದ ಇಳಿಯುತ್ತದೆ. ಹೊಸಬರು ಅವಸರದಲ್ಲಿ ಬಿಟ್ಟುಬಿಡುವ ಹೆಜ್ಜೆ ಇದೇ. ಮುಂದೆ ಅಲಗು ಸೊಟ್ಟಾಗುವುದೂ ಸೀಳುವುದೂ ಬಹುಮಟ್ಟಿಗೆ ಇದರ ಫಲ.

ಇನ್ನು ಹದ. ಉಕ್ಕನ್ನು ಕಾಯಿಸುತ್ತ ಹೋದಂತೆ ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಅಯಸ್ಕಾಂತಕ್ಕೆ ಅಂಟದಂತಾಗುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಕಾಯಿಸಿ ಒಮ್ಮೆಲೇ ತಣಿಸಿದರೆ ಉಕ್ಕು ಗಾಜಿನಂತೆ ಗಡಸಾಗುತ್ತದೆ. ಗಾಜಿನಂತೆಯೇ ಒಡೆಯುತ್ತದೆ ಕೂಡ. ಹಳ್ಳಿಯ ಆಚಾರಿ ಇಲ್ಲಿ ತೋರುವ ಜಾಣತನವನ್ನು ನಾನು ಎಷ್ಟು ಸಲ ನೋಡಿದರೂ ಸಾಕೆನಿಸಿಲ್ಲ. ಆತ ಇಡೀ ಅಲಗನ್ನು ಮುಳುಗಿಸುವುದಿಲ್ಲ. ಬಾಯಿಯ ಕಡೆಯ ಒಂದು ಅಂಗುಲವನ್ನಷ್ಟೆ ನೀರಿಗೆ ತಾಕಿಸಿ ತೆಗೆಯುತ್ತಾನೆ. ಬೇಗಬೇಗ ಕಿಟ್ಟ ಉಜ್ಜಿ ಲೋಹ ಹೊಳೆಯುವಂತೆ ಮಾಡುತ್ತಾನೆ. ಆಮೇಲೆ ಸುಮ್ಮನೆ ಕಾಯುತ್ತಾನೆ. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಮೆಲ್ಲನೆ ಬಾಯಿಯ ಕಡೆಗೆ ಹರಿದುಬರುತ್ತದೆ. ಹೊಳೆಯುವ ಲೋಹದ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ ಸಾಲಾಗಿ ಸಾಗಿಬರುತ್ತವೆ. ಒಣಹುಲ್ಲಿನ ಬಣ್ಣವೆಂದರೆ ಸುಮಾರು 220ರಿಂದ 230 ಡಿಗ್ರಿ, ನೀಲಿಯೆಂದರೆ ಸುಮಾರು 300. ತೆಳ್ಳನೆಯ ಅಲಗಾದರೆ ಹುಲ್ಲಿನ ಬಣ್ಣಕ್ಕೆ, ಕೊಚ್ಚುವ ಕತ್ತಿಯಾದರೆ ಕಂದು ನೇರಳೆಗಳ ನಡುವೆ, ಬಯಸಿದ ಬಣ್ಣ ಬಾಯಿಗೆ ತಲಪಿದ ಕ್ಷಣವೇ ಪೂರ್ತಿ ನೀರಿಗೆ ಇಳಿಸುತ್ತಾನೆ. ಬಾಯಿ ಗಡಸು, ಬೆನ್ನು ಮೆದು. ಒಂದೇ ಲೋಹದಲ್ಲಿ ಎರಡು ಸ್ವಭಾವ. ಪೆಟ್ಟು ಹಾಕುವ ಬಾಯಿಗೆ ಪೆಟ್ಟು ತಾಳುವ ಬೆನ್ನು. ಈ ಕ್ಷಣ ತಪ್ಪಿತೋ, ಕೆಲಸವೆಲ್ಲ ಮೊದಲಿನಿಂದ.

ಹವ್ಯಾಸಿಗೆ ಈ ಕಣ್ಣು ಕೂಡಲೇ ಬರಲಾರದು. ಸ್ಪ್ರಿಂಗ್ ಪಟ್ಟಿಯ ಉಕ್ಕು ನೀರಿನಲ್ಲಿ ಸೀಳಬಹುದು. ಆತ ಬೆಚ್ಚಗಿನ ಎಣ್ಣೆಯಲ್ಲಿ ತಣಿಸಲಿ, ಹತ್ತಿರ ಒಂದು ಮುಚ್ಚಳವನ್ನೂ ಒಂದು ಬಕೆಟ್ಟು ಮರಳನ್ನೂ ಇಟ್ಟುಕೊಳ್ಳಲಿ, ಏಕೆಂದರೆ ಎಣ್ಣೆಗೆ ಬೆಂಕಿ ಹತ್ತುವುದುಂಟು. ಆಮೇಲೆ ವಿದ್ಯುತ್ ಒಲೆಯಲ್ಲಿ 200 ಡಿಗ್ರಿಗಿಂತ ಸ್ವಲ್ಪ ಮೇಲೆ ಎರಡು ತಾಸು ಇಟ್ಟು ಗಡಸನ್ನು ಇಳಿಸಿಕೊಳ್ಳಲಿ. ಇದರಲ್ಲಿ ನಾಚಿಕೆಯೇನಿಲ್ಲ. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಯ ಬಟ್ಟೆ ಇರಲಿ. ತಿರುಗುವ ಸಾಣೆಯ ಹತ್ತಿರ ಸಡಿಲ ತೋಳು, ಜೋಲುವ ಪಂಚೆ ಬೇಡ. ಪರೀಕ್ಷೆಗೆ ಎಳನೀರಿನ ಕಾಯಿಯೊಂದು ಸಾಕು. ಕೊಚ್ಚಿದ ಮೇಲೆ ಬಾಯಿ ಮಡಚಿದ್ದರೆ ಹದ ಕಡಮೆ; ಚೂರು ಹಾರಿ ಹಲ್ಲುಬಿದ್ದಿದ್ದರೆ ಹದ ಹೆಚ್ಚು; ಹೇಗಿತ್ತೋ ಹಾಗೆಯೇ ಇದ್ದರೆ ಆ ದಿನ ಮನೆಯವರಿಗೆ ಪಾಯಸ ಮಾಡಿಸಬಹುದು.

ಇಷ್ಟಾದ ಮೇಲೆ ಒಪ್ಪ. ಅಲ್ಲಿಯೂ ಹದದ ನೆನಪಿರಬೇಕು. ಸಾಣೆ ಹಿಡಿಯುವಾಗ ಅಲಗು ಬಿಸಿಯೇರಿ ನೀಲಿಗಟ್ಟಿದರೆ, ಕಷ್ಟಪಟ್ಟು ಏರಿಸಿದ ಹದ ಅಲ್ಲಿಯೇ ಇಳಿದುಹೋಯಿತು. ಬರಿಗೈಯಲ್ಲಿ ಹಿಡಿದು, ಬಿಸಿ ತಾಕಿದೊಡನೆ ನೀರಿಗೆ ಅದ್ದುವುದು ಸುಲಭ ಉಪಾಯ. ಹಿಡಿಗೆ ಮರವನ್ನು ಆರಿಸುವಾಗ ಬಣ್ಣಕ್ಕಿಂತ ಒಣಗಿನ ಕಡೆಗೆ ಗಮನವಿರಲಿ. ಹಸಿ ಮರದ ಹಿಡಿ ಬೇಸಿಗೆಯಲ್ಲಿ ಸಡಿಲಾಗುತ್ತದೆ, ಸಡಿಲ ಹಿಡಿ ಕೈಯಿಂದ ಹಾರುತ್ತದೆ. ಅಲಗಿನ ಬಾಲವನ್ನು ಮರದೊಳಗೆ ಸೇರಿಸಿ, ಸಂದಿಗೆ ಅರಗು ತುಂಬಿ, ಬಾಯಿಗೆ ಅಣಸು ಹಾಕುವ ಹಳೆಯ ಕ್ರಮ ಇಂದಿಗೂ ಕೆಟ್ಟದ್ದಲ್ಲ. ಕಡವೆಯ ಕೊಂಬಿನ ಹಿಡಿಯ ಮೋಹ ಕೆಲವರಿಗೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಮೋಹ ಅಪರಾಧಕ್ಕೆ ದಾರಿ. ಹಾಗೆಯೇ 1959ರ ಶಸ್ತ್ರಾಸ್ತ್ರ ಕಾಯಿದೆಯು ಮನೆಯ ಮತ್ತು ಬೇಸಾಯದ ಉಪಕರಣಗಳನ್ನು ಆಯುಧಗಳಿಂದ ಬೇರೆಯಾಗಿ ಕಾಣುತ್ತದೆ. ಕಾಯಿದೆಯ ಈ ವಿವೇಕ ಹವ್ಯಾಸಿಗೂ ಇರಲಿ. ಚಲನಚಿತ್ರದ ಕಠಾರಿಯನ್ನು ಮಾಡುವ ಕೈ ಮೊದಲು ತಾಯಿಗೊಂದು ಮೆಟ್ಟುಗತ್ತಿ ಮಾಡಿಕೊಡಲಿ.

ಕರಾವಳಿಯಲ್ಲಿ ಒಪ್ಪದ ಆಯುಷ್ಯವೂ ಅಲ್ಪ. 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯ ಜನಕ್ಕೆ ಉಪ್ಪಿನ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನುಷ್ಯನಿಗೆ ಬಂಧುವಾದ ಉಪ್ಪು ಕಬ್ಬಿಣಕ್ಕೆ ವೈರಿ. ಸಮುದ್ರದ ಗಾಳಿಯೂ ಜೂನಿನಿಂದ ಸಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯೂ ಸೇರಿ ಎಂಥ ಕನ್ನಡಿಯನ್ನೂ ವಾರದೊಳಗೆ ಕಂದುಗಟ್ಟಿಸುತ್ತವೆ. ಒಗ್ಗರಣೆಗೆ ಇಟ್ಟ ತೆಂಗಿನೆಣ್ಣೆಯ ಒಂದು ತೊಟ್ಟು, ಒಣಬಟ್ಟೆಯ ಒಂದು ಸವರು, ದಿನದ ಬಳಕೆ, ಇವೇ ಇಲ್ಲಿ ಕತ್ತಿಯ ಆರೋಗ್ಯ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಕತ್ತಿಗಿಂತ ದಿನವೂ ದುಡಿಯುವ ಕತ್ತಿ ಹೆಚ್ಚು ಕಾಲ ಬಾಳುತ್ತದೆ. ಮನುಷ್ಯರ ವಿಷಯದಲ್ಲಿಯೂ ಇದು ಸುಳ್ಳಲ್ಲ.

ಈಗ ಕೊನೆಯ ಮಾತು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಮಾತು. ಹವ್ಯಾಸಿ ಕತ್ತಿ ಮಾಡತೊಡಗಿದ ಕಾಲವೂ, ಆಚಾರಿಯ ಮಗ ಕುಲುಮೆ ಬಿಟ್ಟು ಗೋವೆಗೋ ಬೆಂಗಳೂರಿಗೋ ಹೊರಟ ಕಾಲವೂ ಒಂದೇ ಆಗಿದೆ. ಇದರಲ್ಲಿ ಮಗನ ತಪ್ಪೇನೂ ಇಲ್ಲ. ತಂದೆಯ ಕೈಯ ಕತ್ತಿಗೆ ನಾವು ಚೌಕಾಶಿ ಮಾಡಿದೆವು. ತಂದೆಯನ್ನು ಜಗಲಿಯ ಕೆಳಗೆ ನಿಲ್ಲಿಸಿ ಮಾತನಾಡಿಸಿದೆವು. ಮಸಿ ಹಿಡಿದ ಕೈಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದೆವು. ಅದೇ ಕೆಲಸವನ್ನು ಪದವೀಧರನೊಬ್ಬ ರಜೆಯಲ್ಲಿ ಮಾಡಿದರೆ ಕಲೆಯೆಂದು ಕೊಂಡಾಡುತ್ತೇವೆ. ಕುಲದಿಂದ ಬಂದವನಿಗೆ ಅವಮಾನ, ಹವ್ಯಾಸದಿಂದ ಬಂದವನಿಗೆ ಸನ್ಮಾನ, ಇದು ನ್ಯಾಯವಲ್ಲ. 2023ರಲ್ಲಿ ಕೇಂದ್ರ ಸರಕಾರವು ವಿಶ್ವಕರ್ಮ ಯೋಜನೆಯನ್ನು ಆರಂಭಿಸಿ, 18 ಕಸಬುಗಳಲ್ಲಿ ಕಮ್ಮಾರಿಕೆಯನ್ನೂ ಸೇರಿಸಿ, ತರಬೇತಿಗೂ ಉಪಕರಣಕ್ಕೂ ನೆರವು ಇಟ್ಟಿದೆ. ಉಪಕರಣಕ್ಕೆಂದು 15,000 ರೂಪಾಯಿ. ಅದೇ ವರ್ಷ ಅಂಕೋಲೆಯ ಕರಿ ಈಶಾಡ ಮಾವಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಎರಡೂ ಒಳ್ಳೆಯದೇ. ಆದರೆ ಸರಕಾರ ಸುತ್ತಿಗೆ ಕೊಡಬಲ್ಲದು, ಶಿಷ್ಯನನ್ನು ಕೊಡಲಾರದು. ಹಣ್ಣಿಗೆ ಹೆಸರು ಬಂತು. ಹಣ್ಣು ಹೆಚ್ಚುವ ಅಲಗನ್ನು ಬಡಿದವನಿಗೆ ಹೆಸರು ಕೊಡುವವರು ನಾವೇ.

ಆ ಶಿಷ್ಯನಾಗುವ ಯೋಗ್ಯತೆ ಹವ್ಯಾಸಿಗೆ ಇದೆ ಎಂಬುದೇ ನನ್ನ ಆಶೆ. ಆದುದರಿಂದ, ಮಿತ್ರರೇ, ಹಿತ್ತಿಲಿನ ಇಟ್ಟಿಗೆಯ ಕುಲುಮೆಗೆ ಬೆಂಕಿ ಹಾಕುವ ಮೊದಲು ಹತ್ತಿರದ ಆಚಾರಿಯ ಸಾಲೆಗೆ ಹೋಗಿರಿ. ತಿದಿಯೋ ಗಾಳಿಯಂತ್ರವೋ ಏನಿದೆಯೋ ಅದನ್ನು ತಿರುಗಿಸಿ, ಇದ್ದಿಲು ಒಡೆಯಿರಿ, ಚಮ್ಮಟಿಗೆ ಎತ್ತಿರಿ. ಸಂಗೀತದ ಮೇಷ್ಟರಿಗೆ ಕೊಡುವ ಹಾಗೆ ಅವರಿಗೂ ತಿಂಗಳಿಗಿಷ್ಟೆಂದು ಗುರುದಕ್ಷಿಣೆ ಸಲ್ಲಿಸಿರಿ. “ಏನೋ ಆಚಾರಿ” ಎನ್ನದೆ “ಆಚಾರಿಯವರೇ” ಎನ್ನಿರಿ. ನೀವು ಮಾಡಿದ ಕತ್ತಿಯನ್ನು ಅವರ ಕತ್ತಿಗಿಂತ ಅಗ್ಗಕ್ಕೆ ಮಾರಿ ಅವರ ಅನ್ನಕ್ಕೆ ಅಡ್ಡಬರಬೇಡಿರಿ. ಅವರ ಮಗ ಸಂಜೆ ಹೊತ್ತು ಬಂದು, ಓದಿದವನೊಬ್ಬ ತನ್ನ ತಂದೆಯ ಮುಂದೆ ಕೈಕಟ್ಟಿ ನಿಂತು ಬಣ್ಣ ಕಲಿಯುತ್ತಿರುವುದನ್ನು ನೋಡಲಿ. ಆ ನೋಟ ಅವನ ಮನಸ್ಸಿನಲ್ಲಿ ಏನು ಮಾಡೀತೆಂದು ನಾನು ಹೇಳಲಾರೆ, ಏನಾದರೂ ಮಾಡೀತು.

ಪೇಟೆಯಲ್ಲಿ ಅಗ್ಗದ ಸ್ಟೀಲ್ ಚಾಕು ದೊರೆಯುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರು ಇದ್ದಾರೆ. ಯಂತ್ರದ ಚಾಕುವಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಯಲ್ಲಿಯೂ ಅದು ಇದೆ. ಆದರೆ ಅದು ಯಾರ ಕೈಯನ್ನೂ ಅರಿಯದು. ಎಡಗೈಯವನಿಗೆ ಬೇರೆ, ಮುದುಕಿಗೆ ಹಗುರ, ಮರ ಏರುವವನಿಗೆ ಗಿಡ್ಡ ಎಂದು ಅಳತೆ ನೋಡಿ ಮಾಡಿಕೊಡುವವನು ಸಾಲೆಯ ಆಚಾರಿ ಮಾತ್ರ. ಮೊಂಡಾದರೆ ಮರಳಿ ಹೋಗಲು ಅವನಲ್ಲಿ ಒಂದು ಬಾಗಿಲು ಇದೆ. ಆ ಬಾಗಿಲು ಮುಚ್ಚದಿರಲಿ ಎಂಬುದಕ್ಕಾಗಿಯೇ ಇಷ್ಟು ಬರೆದೆ.

ಮೇಲೆ ಹೇಳಿದ ತರುಣ ಸೋತು ಕುಳಿತುಕೊಳ್ಳಲಿಲ್ಲ. ಮರುವಾರದಿಂದ ಊರಿನ ವೃದ್ಧ ಆಚಾರಿಯೊಬ್ಬರ ಸಾಲೆಯಲ್ಲಿ ಚಮ್ಮಟಿಗೆ ಹಿಡಿದ. ಒಂದು ವರ್ಷದ ಮೇಲೆ ಅತ್ತೆಗೆ ಇನ್ನೊಂದು ಕತ್ತಿ ಕೊಟ್ಟ. ಅದರ ಮೈ ಕಪ್ಪು, ಸುತ್ತಿಗೆಯ ಗುರುತು ಇನ್ನೂ ಮಾಸಿರಲಿಲ್ಲ. ಬಾಯಿಯಷ್ಟೆ ಬೆಳ್ಳಗೆ ಮಿನುಗುತ್ತಿತ್ತು. ಆಕೆ ಏನೂ ಹೇಳಲಿಲ್ಲ. ಒಣಹೆಡೆಗೆ ನಾಲ್ಕು ಪೆಟ್ಟು ಹಾಕಿ, ಬಾಯಿಯ ಮೇಲೆ ಹೆಬ್ಬೆರಳು ಎಳೆದು ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟಕ್ಕೆ ಹೋದಳಂತೆ.